ಎಂಜಿನ್ ನಿಂತ ಮೇಲೂ ಡೈನಮೋ ಸುಡುತ್ತಿದ್ದರೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹಾವೇರಿ ಜಿಲ್ಲೆ. ಅಪ್ಪ ತಗೊಂಡಿದ್ದ ಹಳೆಯ 35 ಎಚ್‌ಪಿ ಟ್ರ್ಯಾಕ್ಟರ್ ಇದೆ. ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಇನ್ನೂ ಹಳೆಯ ಡೈನಮೋನೇ ಇದೆ, ಈಗಿನ ಆಲ್ಟರ್ನೇಟರ್ ಹಾಕಿಲ್ಲ. ಹೋದ ಸುಗ್ಗಿಯಲ್ಲಿ ರಾತ್ರಿ ಮೆಕ್ಕೆಜೋಳ ಒಕ್ಕುವಾಗ ಡೈನಮೋದಿಂದ ಸುಟ್ಟ ವಾಸನೆ ಬಂತು. ಬಿಚ್ಚಿ ರೀವೈಂಡಿಂಗ್ ಮಾಡಿಸಿದೆವು, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಿದೆವು. ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡೆ ತುದಿಗೆ ಹೋಗಿ ಬಡಿಯಿತು. ಗಾಬರಿಯಾಗಿ ಆಫ್ ಮಾಡಿದೆವು. ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಯಾಗಿ ಚಾರ್ಜ್ ತೋರಿಸಿತು, ಹಾಗಾಗಿ ಸುಮ್ಮನಾದೆವು. ಈಗ ಎಂಜಿನ್ ನಿಲ್ಲಿಸಿ ಊಟ ಮುಗಿಸಿ ಬಂದು ಮುಟ್ಟಿದರೂ ಡೈನಮೋ ಮೇಲೆ ಕೈ ಇಡೋಕೆ ಆಗಲ್ಲ. ರಾತ್ರಿ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಮತ್ತೆ ಆರ್ಮೇಚರ್ (ಡೈನಮೋ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುತ್ತಿಸಬೇಕು ಎನ್ನುತ್ತಿದ್ದಾರೆ. ಟ್ರ್ಯಾಕ್ಟರಿಗೆ ನಾಲ್ಕು ಹ್ಯಾಲೋಜನ್ ಫೋಕಸ್ ಲೈಟು, ಒಂದು ಟೇಪು, ಆಂಪ್ಲಿಫೈಯರ್ ಹಾಕಿದ್ದೇವೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಉತ್ತರ ಪೂರ್ತಿ ಓದುವ ಮುಂಚೆಯೇ ಹೋಗಿ ಬ್ಯಾಟರಿಯ ಅರ್ತ್ ಕೇಬಲ್ (ಬ್ಯಾಟರಿಯಿಂದ ಟ್ರ್ಯಾಕ್ಟರ್ ಮೈಗೆ ಹೋಗುವುದು) ಬಿಚ್ಚಿಟ್ಟು ಬನ್ನಿ. ನಿಮ್ಮ ಬ್ಯಾಟರಿಯ ಕರೆಂಟು ಎಂಜಿನ್ ನಿಂತಿರುವಾಗಲೂ ಡೈನಮೋ ಒಳಗೆ ಹರಿಯುತ್ತಿದೆ. ಹುಲ್ಲಿನ ಬಣವೆ ಪಕ್ಕದಲ್ಲೋ ಮನೆ ಪಡಸಾಲೆಯಲ್ಲೋ ಟ್ರ್ಯಾಕ್ಟರ್ ನಿಲ್ಲಿಸಿದ್ದರೆ ಇದು ಬರೀ ಬ್ಯಾಟರಿ ಇಳಿಯುವ ಮಾತಲ್ಲ. ವೈರ್ ಸುಟ್ಟು ಬೆಂಕಿ ಹತ್ತುತ್ತದೆ.

ಡೈನಮೋ ಬಿಸಿ ಅಂತ ಯಾರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಯಾವಾಗ ಬಿಸಿ? ಓಡುವಾಗಲೋ, ನಿಂತಾಗಲೋ? ಓಡುವಾಗ ಬಿಸಿಯಾಗುವುದು ಬೇರೆ ಕಾಯಿಲೆ, ನಿಂತ ಮೇಲೂ ಬಿಸಿ ಇರುವುದು ಬೇರೆ ಕಾಯಿಲೆ. ಈ ಒಂದು ಪ್ರಶ್ನೆ ಕೇಳದೆ ಆರ್ಮೇಚರ್ ಬಿಚ್ಚಿದರೆ ದುಡ್ಡು ದಂಡ. ಸಾಮಾನ್ಯವಾಗಿ ಡೈನಮೋ ತಾನಾಗಿ ಕೆಡುವುದಕ್ಕಿಂತ ಬೇರೆಯವರ ತಪ್ಪಿಗೆ ಸುಡುವುದೇ ಜಾಸ್ತಿ.

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಬಿಡಿಸಿ ಹೇಳುತ್ತೇನೆ.

ಮ್ಯಾಸ್ಸಿ ಫರ್ಗ್ಯೂಸನ್ 35, ಇಂಟರ್‌ನ್ಯಾಷನಲ್ ಬಿ-275 ಕಾಲದ ಟ್ರ್ಯಾಕ್ಟರ್‌ಗಳಲ್ಲಿ ಡೈನಮೋ ಜೊತೆ ಒಂದು ಕಪ್ಪು ಡಬ್ಬಿ ಇರುತ್ತದೆ. ನಾವೆಲ್ಲ ಅದನ್ನು ಕಟೌಟ್ ಅಂತಲೇ ಕರೆಯುವುದು. ನಿಜವಾಗಿ ಅದರೊಳಗೆ ಎರಡು ಸಾಮಾನು ಇವೆ, ಒಂದು ಕಟೌಟ್, ಇನ್ನೊಂದು ರೆಗ್ಯುಲೇಟರ್. ರೆಗ್ಯುಲೇಟರ್ ಕೆಲಸ ವೋಲ್ಟೇಜ್ ಮಿತಿ ಮೀರದಂತೆ ಹಿಡಿಯುವುದು. ಕಟೌಟ್ ಕೆಲಸ ಬಾಗಿಲು ಕಾಯುವುದು. ಎಂಜಿನ್ ವೇಗ ಏರಿ ಡೈನಮೋ ಸುಮಾರು 13 ವೋಲ್ಟ್ ಕೊಡುವಾಗ ಕಟೌಟಿನ ಪಾಯಿಂಟ್, ಅಂದರೆ ಒಂದಕ್ಕೊಂದು ತಾಗುವ ಲೋಹದ ತುದಿಗಳು, ಕೂಡಿಕೊಳ್ಳುತ್ತದೆ, ಬ್ಯಾಟರಿಗೆ ಚಾರ್ಜ್ ಹೋಗುತ್ತದೆ. ಎಂಜಿನ್ ನಿಂತಾಗ ಡೈನಮೋ ವೋಲ್ಟೇಜ್ ಬ್ಯಾಟರಿಗಿಂತ ಕೆಳಗೆ ಬರುತ್ತದೆ, ಕರೆಂಟು ಹಿಮ್ಮುಖವಾಗಿ ಹರಿಯಲು ಶುರುವಾಗುತ್ತದೆ, ಆ ಹಿಮ್ಮುಖ ಕರೆಂಟೇ ಕಟೌಟಿನ ಕಾಯಿಲ್ ಹಿಡಿತ ಬಿಡಿಸಿ ಪಾಯಿಂಟ್ ತೆರೆಯುತ್ತದೆ. ಈ ಪಾಯಿಂಟ್ ಸುಟ್ಟು ಅಂಟಿಕೊಂಡರೆ ಬಾಗಿಲು ಮುಚ್ಚುವವರೇ ಇಲ್ಲ. ಬ್ಯಾಟರಿ ಡೈನಮೋವನ್ನು ಮೋಟಾರಿನ ಹಾಗೆ ತಿರುಗಿಸಲು ಹೊರಡುತ್ತದೆ. ಬೆಲ್ಟ್ ಎಂಜಿನ್ನಿಗೆ ಕಟ್ಟಿರುವುದರಿಂದ ಡೈನಮೋ ತಿರುಗಲ್ಲ. ತಿರುಗದ ಮೋಟಾರಿಗೆ ಕರೆಂಟು ಕೊಟ್ಟರೆ ಏನಾಗುತ್ತದೆ ಅಂತ ಬೋರ್‌ವೆಲ್ ಮೋಟಾರ್ ಜಾಮ್ ಆಗಿ ಸುಟ್ಟಿದ್ದನ್ನು ನೋಡಿದವರಿಗೆ ಹೇಳಬೇಕಿಲ್ಲ ಅಲ್ವಾ.

ಮೊದಲ ಸಲ ಸುಟ್ಟಿದ್ದು ಯಾಕೆ? ನಿಮ್ಮ ಲೈಟು ಲೆಕ್ಕ ಹಾಕಿ. ಒಂದು 55 ವ್ಯಾಟ್ ಹ್ಯಾಲೋಜನ್ 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ನಾಲ್ಕು ಲೈಟಿಗೆ 18 ಆಂಪಿಯರ್. ಆ ಕಾಲದ ಲ್ಯೂಕಾಸ್ ಕಂಪನಿ ಮಾದರಿಯ ಡೈನಮೋ ಕೊಡುವುದೇ 19ರಿಂದ 22 ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ಓಡುವಾಗ. ಟ್ರ್ಯಾಕ್ಟರಿನ ಸ್ವಂತ ಹೆಡ್‌ಲೈಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 200 ವ್ಯಾಟ್ ಆಂಪ್ಲಿಫೈಯರ್ ಜೋರಾಗಿ ಹಾಡಿಸಿದರೆ ಅದೊಂದೇ 16-17 ಆಂಪಿಯರ್. ಇದರ ಮೇಲೆ ಸೆಲ್ಫ್ ಹೊಡೆದು ಇಳಿದ ಬ್ಯಾಟರಿ ಬೇರೆ ಚಾರ್ಜ್ ಕೇಳುತ್ತಿರುತ್ತದೆ. ರಾತ್ರಿ ಒಕ್ಕಣೆ ಅಂದರೆ ನಾಲ್ಕೈದು ಗಂಟೆ ಬಿಡದೆ ಈ ಹೊರೆ. ಮೇಲಿಂದ ಮೆಕ್ಕೆಜೋಳದ ಹೊಟ್ಟು, ಧೂಳು ಡೈನಮೋ ಗಾಳಿ ಕಿಂಡಿಗಳನ್ನು ತುಂಬಿರುತ್ತದೆ. ಸುಡದೆ ಇದ್ದರೆ ಆಶ್ಚರ್ಯ.

ಎರಡನೇ ಸಲದ್ದು ಹೊಸ ತಪ್ಪು, ನನಗೆ ಬೇಜಾರಾಗುವುದು ಇಲ್ಲೇ. ಡೈನಮೋ ಕೆಲಸ ಶುರು ಮಾಡುವುದು ಅದರ ಕಬ್ಬಿಣದಲ್ಲಿ ಉಳಿದಿರುವ ಸ್ವಲ್ಪ ಅಯಸ್ಕಾಂತ ಶಕ್ತಿಯಿಂದ. ರೀವೈಂಡಿಂಗ್ ಮಾಡಿ ಟೇಬಲ್ ಮೇಲೆ ಬ್ಯಾಟರಿ ಕೊಟ್ಟು ತಿರುಗಿಸಿ ನೋಡುವಾಗ ಪ್ಲಸ್ ಮೈನಸ್ ಅದಲು ಬದಲಾದರೆ ಆ ಅಯಸ್ಕಾಂತದ ದಿಕ್ಕೂ ತಿರುಗಿಬಿಡುತ್ತದೆ. ಆಗ ಡೈನಮೋ ಉಲ್ಟಾ ವೋಲ್ಟೇಜ್ ಕೊಡುತ್ತದೆ. ಕಟೌಟಿಗೆ ದಿಕ್ಕು ಗೊತ್ತಾಗಲ್ಲ, ವೋಲ್ಟ್ ಬಂತು ಅಂತ ಪಾಯಿಂಟ್ ಕೂಡಿಸುತ್ತದೆ. ಆಗ ಬ್ಯಾಟರಿಯ 12 ವೋಲ್ಟು, ಡೈನಮೋದ 13 ವೋಲ್ಟು ಎರಡೂ ಸೇರಿ 25 ವೋಲ್ಟಿನ ಶಾರ್ಟ್ ಆಗುತ್ತದೆ. ನಿಮ್ಮ ಮುಳ್ಳು ತುದಿಗೆ ಹೋಗಿ ಬಡಿದದ್ದು ಆ ಗಳಿಗೆಯಲ್ಲೇ. ಪಾಯಿಂಟ್ ವೆಲ್ಡ್ ಆಗಿದ್ದೂ ಆಗಲೇ. ನೀವು ಆಫ್ ಮಾಡಿದಿರಿ. ಅಂಟಿದ ಪಾಯಿಂಟಿನ ಮೂಲಕ ಬ್ಯಾಟರಿಯ ಕರೆಂಟು ಫೀಲ್ಡ್ ಕಾಯಿಲಿಗೆ, ಅಂದರೆ ಅಯಸ್ಕಾಂತ ಹುಟ್ಟಿಸುವ ತಂತಿ ಸುರುಳಿಗೆ ಹೋಗಿ ಅಯಸ್ಕಾಂತವನ್ನು ಸರಿ ದಿಕ್ಕಿಗೆ ತಿರುಗಿಸಿತು. ಅದಕ್ಕೇ ಮತ್ತೆ ಸ್ಟಾರ್ಟ್ ಮಾಡಿದಾಗ ಎಲ್ಲ ಸರಿ ಇದ್ದ ಹಾಗೆ ಚಾರ್ಜ್ ತೋರಿಸಿತು. ಆದರೆ ಬಾಗಿಲು ಅಂದಿನಿಂದ ಮುಚ್ಚಿಯೇ ಇಲ್ಲ.

ಇದು ಹೌದೋ ಅಲ್ಲವೋ ನೀವೇ ನೋಡಬಹುದು. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಎಲ್ಲ ಸ್ವಿಚ್ ಆಫ್ ಇರಲಿ. ಅರ್ತ್ ಕೇಬಲನ್ನು ಬ್ಯಾಟರಿ ಕಂಬಕ್ಕೆ ಮೆಲ್ಲಗೆ ತಾಗಿಸಿ. ಕಿಡಿ ದಪ್ಪಗೆ ಹಾರಿದರೆ ಎಲ್ಲೋ ಕರೆಂಟು ಹೋಗುತ್ತಿದೆ. ಬ್ಯಾಟರಿ ಚಾರ್ಜಿಗೆ ಹಾಕಿ ಈಗಷ್ಟೇ ತಂದಿದ್ದರೆ ಮೊದಲು ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ಅದರಿಂದ ಬರುವ ಗ್ಯಾಸಿಗೆ ಕಿಡಿ ತಾಗಬಾರದು. ಈಗ ಡೈನಮೋ ಹಿಂದೆ ಇರುವ ಎರಡು ವೈರಿನಲ್ಲಿ ದಪ್ಪದ್ದನ್ನು ಬಿಚ್ಚಿ, ತುದಿ ಎಲ್ಲೂ ತಾಗದ ಹಾಗೆ ಬಟ್ಟೆ ಸುತ್ತಿ, ಮತ್ತೆ ತಾಗಿಸಿ ನೋಡಿ. ಕಿಡಿ ನಿಂತಿತಾ, ಇಲ್ಲವೇ ತೀರಾ ಸಣ್ಣದಾಯಿತಾ? ಹಾಗಾದರೆ ಕಟೌಟ್ ಅಂಟಿದೆ, ಬೇರೆ ಅನುಮಾನವೇ ಬೇಡ. ಇನ್ನೂ ಗಟ್ಟಿ ಮಾಡಿಕೊಳ್ಳಬೇಕೆಂದರೆ ಅರ್ತ್ ಬಿಚ್ಚಿಟ್ಟು ಕಟೌಟ್ ಡಬ್ಬಿಯ ಮುಚ್ಚಳ ತೆಗೆಯಿರಿ. ಎಂಜಿನ್ ನಿಂತಿರುವಾಗ ಒಂದು ಜೊತೆ ಪಾಯಿಂಟ್ ಕೂಡಿರಬೇಕು, ಅದು ರೆಗ್ಯುಲೇಟರಿನದ್ದು. ಇನ್ನೊಂದು ಜೊತೆ ತೆರೆದಿರಬೇಕು, ಅದು ಕಟೌಟಿನದ್ದು. ಎರಡೂ ಕೂಡಿದ್ದರೆ ಮುಗಿಯಿತು.

ಅಂಟಿದ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಕೆಲವೊಮ್ಮೆ ನಡೆಯುತ್ತದೆ. ಆದರೆ ಒಮ್ಮೆ ವೆಲ್ಡ್ ಆದ ಪಾಯಿಂಟ್ ಮತ್ತೆ ಅಂಟುವುದು ಹೆಚ್ಚು. ನನ್ನ ಮಾತು ಕೇಳಿ, ಡಬ್ಬಿ ಬದಲಿಸಿಬಿಡಿ. ಆರ್ಮೇಚರ್ ಸುತ್ತಿಸುವುದಕ್ಕಿಂತ ಅದು ಕಡಿಮೆ ತೊಂದರೆ. ಹೊಸ ಡಬ್ಬಿ ಹಾಕುವಾಗ 'ಡಿ', 'ಎಫ್', 'ಎ', 'ಇ' ಗುರುತು ನೋಡಿ ಹಾಕಿ, ಹಳೆಯದರ ಜಾಗ ನೋಡಿಕೊಂಡು ಅಂದಾಜಿಗೆ ಹಾಕಬೇಡಿ. 'ಡಿ' ಡೈನಮೋದ ದೊಡ್ಡ ಟರ್ಮಿನಲ್ಲಿಗೆ, 'ಎಫ್' ಚಿಕ್ಕದ್ದಕ್ಕೆ, 'ಎ' ಆಂಪಿಯರ್ ಮೀಟರ್ ಕಡೆಗೆ, 'ಇ' ಅರ್ತಿಗೆ. ಕೆಲವು ಡಬ್ಬಿಯಲ್ಲಿ 'ಎ1' ಅಂತ ಇನ್ನೊಂದು ಇರುತ್ತದೆ, ಅದು ಲೈಟಿನ ಸಾಲಿಗೆ.

ಈಗ ಡೈನಮೋ ಉಳಿದಿದೆಯೋ ಇಲ್ಲವೋ ನೋಡಬೇಕು. ಬಿಸಿ ತಿಂದಿದೆ, ಆದರೆ ಸತ್ತೇ ಹೋಗಿದೆ ಅಂತ ನೋಡದೆ ಹೇಳಲು ಬರಲ್ಲ. ಎರಡೂ ವೈರ್ ಬಿಚ್ಚಿ, ಡೈನಮೋದ ಎರಡು ಟರ್ಮಿನಲ್ಲನ್ನೂ ಒಂದು ಚೂರು ವೈರಿನಿಂದ ಜೋಡಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಎಂಜಿನ್ ಮೈಗೆ. ಎಂಜಿನ್ ಸ್ಟಾರ್ಟ್ ಮಾಡಿ ಮೆಲ್ಲಗೆ ರೈಸ್ ಮಾಡಿ. ವೋಲ್ಟ್ ಜರ್ಕ್ ಇಲ್ಲದೆ ಸರಸರ ಏರಿ 14-15 ದಾಟಿದರೆ ಡೈನಮೋ ಚೆನ್ನಾಗಿದೆ. ಅಲ್ಲಿಗೇ ನಿಲ್ಲಿಸಿ, 20ಕ್ಕಿಂತ ಮೇಲೆ ಬಿಡಬೇಡಿ, ಯಾಕೆಂದರೆ ಈಗ ಅದನ್ನು ಹಿಡಿಯಲು ರೆಗ್ಯುಲೇಟರ್ ಇಲ್ಲ. ಒಂದು ವೋಲ್ಟಿನೊಳಗೇ ನಿಂತರೆ ಫೀಲ್ಡ್ ಕಾಯಿಲ್ ನೋಡಬೇಕು. ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರ್ ಮೇಲೆ ಅನುಮಾನ. ಇಷ್ಟು ನೋಡಿದ ಮೇಲೆ ಬೇಕಾದರೆ ರೀವೈಂಡಿಂಗ್ ಮಾತಾಡಿ. ಹಾಂ, ಬೆಲ್ಟ್ ಹತ್ತಿರ ಕೆಲಸ ಮಾಡುವಾಗ ಹೆಗಲ ಮೇಲೆ ಟವೆಲ್ ಬೇಡ, ಪಂಚೆ, ಲುಂಗಿ ಇದ್ದರೆ ಎತ್ತಿ ಕಟ್ಟಿ.

ಬಿಚ್ಚಿದ್ದೇ ಆದರೆ ಎರಡು ಜಾಗ ನೋಡಿ. ಆರ್ಮೇಚರ್ ಮೈ ಮೇಲೆ ಉಜ್ಜಿ ಹೊಳೆಯುವ ಗೆರೆ ಇದ್ದರೆ ಹಿಂದಿನ ಬುಷ್ ಸವೆದು ಆರ್ಮೇಚರ್ ಒಳಗಿನ ಗೋಡೆಗೆ ತಾಗುತ್ತಿದೆ, ಅದೂ ಬಿಸಿಗೆ ಒಂದು ಕಾರಣ. ಆ ಬುಷ್ ಬದಿಯಲ್ಲಿ ಎಣ್ಣೆ ಹಾಕುವ ಸಣ್ಣ ತೂತು ಇರುತ್ತದೆ, ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ. ಎರಡು ಮೂರು ಹನಿ ಎಂಜಿನ್ ಆಯಿಲ್ ಸಾಕು. ಜಾಸ್ತಿ ಬಿಟ್ಟರೆ ಕಮ್ಯುಟೇಟರ್ (ಆರ್ಮೇಚರ್ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಸುತ್ತು) ಮೇಲೆ ಹರಿದು ಕಾರ್ಬನ್ ಬ್ರಷ್ ಕೆಡುತ್ತದೆ. ಇನ್ನೊಂದು, ಕಮ್ಯುಟೇಟರ್ ಉಜ್ಜಲು ಎಮರಿ ಪೇಪರ್ ಬೇಡ. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ನಯವಾದ ಮರಳು ಕಾಗದ, ಆಮೇಲೆ ಪೆಟ್ರೋಲ್ ಬಟ್ಟೆ.

ಎಲ್ಲ ಜೋಡಿಸುವ ಮುಂಚೆ, ಮರೆಯದೆ, ಡೈನಮೋಗೆ ದಿಕ್ಕು ತೋರಿಸಿ. ನಿಮ್ಮಲ್ಲಿ ಆ ದಿನ ತಪ್ಪಿದ್ದು ಇದೇ. ಡೈನಮೋದ ಚಿಕ್ಕ ಟರ್ಮಿನಲ್ಲಿನಿಂದ 'ಎಫ್' ವೈರ್ ಬಿಚ್ಚಿಟ್ಟಿರಬೇಕು. ಬ್ಯಾಟರಿಯಲ್ಲಿ ಅರ್ತ್ ಆಗದೆ ಇರುವ ಕಂಬದಿಂದ ಒಂದು ವೈರ್ ತಂದು ಆ ಚಿಕ್ಕ ಟರ್ಮಿನಲ್ಲಿಗೆ ಎರಡು ಮೂರು ಸಲ ಚಿಟಿಕೆ ಹೊಡೆದಷ್ಟು ಹೊತ್ತು ತಾಗಿಸಿ. ಅಷ್ಟೇ. 'ಎಫ್' ವೈರ್ ಬಿಚ್ಚದೆ ಹೀಗೆ ಮಾಡಿದರೆ ರೆಗ್ಯುಲೇಟರ್ ಪಾಯಿಂಟ್ ಸುಡುತ್ತದೆ. ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಎಷ್ಟೋ ಸಲ ಪ್ಲಸ್ ಅರ್ತ್ ಇರುತ್ತದೆ, ಹಾಗಾಗಿ ವೈರಿನ ಬಣ್ಣ ನಂಬದೆ ಯಾವ ಕಂಬ ಚಾಸಿಗೆ ಹೋಗಿದೆ ಅಂತ ಕಣ್ಣಾರೆ ನೋಡಿ.

ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ತಗ್ಗಬೇಕು. ತಂತಿ ಹಾಗೆ ಬಿಗಿದರೆ ಬೇರಿಂಗ್ ಬಿಸಿ, ಸಡಿಲವಾದರೆ ಪುಲ್ಲಿ ಬಿಸಿ.

ಲೈಟಿನ ವಿಚಾರಕ್ಕೆ ಬರೋಣ. ನಾಲ್ಕು ಹ್ಯಾಲೋಜನ್ ತೆಗೆದು 18 ವ್ಯಾಟಿನ ಎಲ್‌ಇಡಿ ಹಾಕಿ. ಒಂದಕ್ಕೆ ಒಂದೂವರೆ ಆಂಪಿಯರ್, ನಾಲ್ಕಕ್ಕೆ ಆರು. ಒಕ್ಕಣೆಗೆ ಬೆಳಕು ಸಾಕಾಗುತ್ತದೆ. ಪ್ಲಸ್ ಅರ್ತ್ ಇದ್ದರೆ ಎಲ್‌ಇಡಿಯ ವೈರ್ ಅದಲು ಬದಲಾಗದಂತೆ ನೋಡಿಕೊಳ್ಳಿ. ಆಂಪ್ಲಿಫೈಯರ್ ಮಾತ್ರ ಈ ಡೈನಮೋ ಮೇಲೆ ಬೇಡವೇ ಬೇಡ. ಹಾಡು ಕೇಳುತ್ತಾ ಉಳುಮೆ ಮಾಡುವ ಸುಖ ನನಗೂ ಗೊತ್ತು, ಸಣ್ಣ ಟೇಪ್ ಇಟ್ಟುಕೊಳ್ಳಿ, ಅದಕ್ಕೆ ಏನೂ ಆಗಲ್ಲ.

ಪ್ರಶ್ನೆ: ನಮ್ಮ ಟ್ರ್ಯಾಕ್ಟರಿನ ಡೈನಮೋ ಕೆಲಸದಲ್ಲಿ ಬಿಸಿ ಇರುತ್ತದೆ, ಎಂಜಿನ್ ನಿಂತರೆ ತಣ್ಣಗಾಗುತ್ತದೆ. ಬ್ಯಾಟರಿ ನೀರು ವಾರಕ್ಕೊಮ್ಮೆ ಇಳಿಯುತ್ತದೆ, ಬಲ್ಬ್ ಪದೇಪದೇ ಹೋಗುತ್ತವೆ. ಕಟೌಟ್ ಹೊಸದೇ ಹಾಕಿದ್ದೇವೆ. — ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮದು ಓಡುವಾಗಿನ ಬಿಸಿ, ಅದೂ ಓವರ್ ಚಾರ್ಜ್. ನೀರು ಇಳಿಯುವುದು, ಬಲ್ಬ್ ಹೋಗುವುದು, ಡೈನಮೋ ಬಿಸಿ, ಮೂರೂ ಒಂದೇ ಕಾಯಿಲೆಯ ಗುರುತು. ಹೊಸ ಡಬ್ಬಿಯ 'ಇ' ವೈರ್ ಎಲ್ಲಿ ಕಟ್ಟಿದ್ದಾರೆ ನೋಡಿ. ಬಣ್ಣ ಬಳಿದ ತಗಡಿಗೋ ತುಕ್ಕು ಹಿಡಿದ ಬೋಲ್ಟಿಗೋ ಕಟ್ಟಿದ್ದರೆ ರೆಗ್ಯುಲೇಟರಿಗೆ ವೋಲ್ಟ್ ಎಷ್ಟಿದೆ ಅಂತಲೇ ಗೊತ್ತಾಗಲ್ಲ. ಅದು ಕಡಿಮೆ ಇದೆ ಅಂದುಕೊಂಡು ಫೀಲ್ಡ್ ಕಾಯಿಲಿಗೆ ಪೂರ್ತಿ ಕರೆಂಟು ಬಿಟ್ಟುಬಿಡುತ್ತದೆ. ಎಂಜಿನ್ ಓಡುವಾಗ ಮಲ್ಟಿಮೀಟರಿನ ಒಂದು ಕಡ್ಡಿ 'ಇ' ಟರ್ಮಿನಲ್ಲಿಗೆ, ಇನ್ನೊಂದು ಡೈನಮೋ ಮೈಗೆ ಇಡಿ. ಸೊನ್ನೆ ಹತ್ತಿರ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಬಣ್ಣ ಕೆರೆದು ಎಂಜಿನ್ ಮೈಗೇ ಬೇರೆ ವೈರ್ ಎಳೆಯಿರಿ.

ಅರ್ತ್ ಸರಿ ಮಾಡಿದ ಮೇಲೂ ಬಿಸಿ ಹೋಗದಿದ್ದರೆ ಬ್ಯಾಟರಿ ನೋಡಿ. ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. ಎಷ್ಟು ಚಾರ್ಜ್ ಮಾಡಿದರೂ ಹತ್ತೂವರೆ ಹತ್ತಿರವೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ. ಅಂಥ ಬ್ಯಾಟರಿ ತುಂಬುವುದೇ ಇಲ್ಲ, ದಿನವಿಡೀ ಡೈನಮೋವನ್ನು ಹೀರುತ್ತಲೇ ಇರುತ್ತದೆ. ಅದನ್ನು ಇಟ್ಟುಕೊಂಡು ಯಾವ ಡೈನಮೋ ಹಾಕಿದರೂ ಬಿಸಿ ತಪ್ಪಲ್ಲ.

ಅಂದಹಾಗೆ ಸ್ವಲ್ಪ ಬಿಸಿಗೆ ಹೆದರಬೇಡಿ. ಹೊರೆ ಇರುವ ಡೈನಮೋ ಬಿಸಿಯಾಗಿಯೇ ಇರುತ್ತದೆ. ನೀರು ಚಿಮುಕಿಸಿದರೆ ಚುಂಯ್ ಎಂದು ಹಾರಿದರೆ ಅದು ಅತಿಯಾಯಿತು. ಒಂದೆರಡು ಹನಿ ಮೈ ಮೇಲೆ ಮಾತ್ರ, ಗಾಳಿ ಕಿಂಡಿಯೊಳಗೆ ಅಲ್ಲ.

ಪ್ರಶ್ನೆ: ಡೈನಮೋ ಕಾಟ ಸಾಕಾಗಿ ಆಲ್ಟರ್ನೇಟರ್ ಹಾಕಿಸಿದೆವು. ಅದೂ ಮೊದಲಿನಿಂದಲೇ ಬಿಸಿಯಾಗುತ್ತಿದೆ. ಹೋದ ತಿಂಗಳು ಟ್ರೇಲರ್ ಕೊಂಡಿ ವೆಲ್ಡಿಂಗ್ ಮಾಡಿಸಿದ ಮೇಲೆ ಬೆಳಿಗ್ಗೆ ಮುಟ್ಟಿದರೂ ಬೆಚ್ಚಗಿರುತ್ತದೆ. — ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಬೆಳಿಗ್ಗೆ ಬೆಚ್ಚಗಿದ್ದರೆ ಡಯೋಡ್ ಹೋಗಿದೆ. ಆಲ್ಟರ್ನೇಟರಿಗೆ ಕಟೌಟ್ ಬೇಡ, ಯಾಕೆಂದರೆ ಅದರೊಳಗಿನ ಡಯೋಡ್‌ಗಳೇ ಬಾಗಿಲು ಕಾಯುತ್ತವೆ, ಕರೆಂಟು ಹೊರಗೆ ಬರಲು ಬಿಡುತ್ತವೆ, ಒಳಗೆ ಹೋಗಲು ಬಿಡಲ್ಲ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕೇಬಲ್, ಆಲ್ಟರ್ನೇಟರ್ ವೈರ್ ಬಿಚ್ಚಿರಲಿಲ್ಲ ಅಂತ ಕಾಣುತ್ತದೆ. ಅಷ್ಟು ಸಾಕು ಡಯೋಡ್ ಸುಡಲು. ಪೂರ್ತಿ ಆಲ್ಟರ್ನೇಟರ್ ಬದಲಿಸಬೇಕಿಲ್ಲ, ಡಯೋಡ್ ಪ್ಲೇಟ್ ಬೇರೆ ಸಿಗುತ್ತದೆ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ಅಲ್ಲಿಯವರೆಗೆ ರಾತ್ರಿ ಬ್ಯಾಟರಿ ಬಿಚ್ಚಿಡಿ.

ಮೊದಲಿನಿಂದಲೂ ಬಿಸಿ ಇತ್ತು ಅಂದಿರಲ್ಲ, ಅದಕ್ಕೆ ಡೈನಮೋ ಕಾಲದ ಡಬ್ಬಿ ಇನ್ನೂ ಲೈನಿನ ಮಧ್ಯೆ ಇದೆಯಾ ಹುಡುಕಿ. ಆಲ್ಟರ್ನೇಟರ್ ಹಾಕುವವರು ಎಷ್ಟೋ ಸಲ ಅದನ್ನು ಹಾಗೇ ಬಿಟ್ಟು ಅದರ ಮೂಲಕವೇ ವೈರ್ ಕೊಟ್ಟಿರುತ್ತಾರೆ. ಕಿತ್ತು ಹಾಕಿ. ಆಲ್ಟರ್ನೇಟರಿನ ದಪ್ಪ ಟರ್ಮಿನಲ್ಲಿನಿಂದ ಬ್ಯಾಟರಿ ಕಡೆಗೆ ಹೊಸ ವೈರ್ ಎಳೆಯಿರಿ, 35 ಆಂಪಿಯರಿನದ್ದಾದರೆ 6 ಚದರ ಮಿಲಿಮೀಟರಿಗಿಂತ ತೆಳ್ಳಗೆ ಬೇಡ. ಹಳೆಯ ಆಂಪಿಯರ್ ಮೀಟರಿನಲ್ಲಿ 30ರವರೆಗೆ ಮಾತ್ರ ಗುರುತಿದ್ದರೆ ಅದನ್ನೂ ಲೈನಿನಿಂದ ತೆಗೆದು ವೋಲ್ಟ್ ಮೀಟರ್ ಹಾಕಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ತೋರಿಸಬೇಕು. ಒಂದು ಹಳೆಯ ಅಭ್ಯಾಸ ಮಾತ್ರ ಬಿಡಿ. ಡೈನಮೋ ಕಾಲದಲ್ಲಿ ಚಾರ್ಜ್ ಆಗುತ್ತಿದೆಯಾ ನೋಡಲು ಓಡುವ ಎಂಜಿನ್ನಿನಲ್ಲೇ ಬ್ಯಾಟರಿ ಕೇಬಲ್ ಕಿತ್ತು ನೋಡುತ್ತಿದ್ದರು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಜಿಗಿದು ಹೊಸ ಡಯೋಡ್ ಪ್ಲೇಟೂ ಅದೇ ಗಳಿಗೆಯಲ್ಲಿ ಹೋಗುತ್ತದೆ.